ನಾಲ್ಕನೇ ವರ್ಷದ ಬ್ಯಾಟರಿಗೆ ಯಾರು ದುಡ್ಡು ಕೊಡ್ತಾರೆ?

ಮೊದಲು ದುಡ್ಡು ಕೇಳಿದ್ದು ಚಿಕ್ಕಪ್ಪನ ಹತ್ತಿರ. ಮನೆಯವರಿಂದಲೇ ಶುರು ಮಾಡಿದರೆ ಕೇಳೋಕೆ ನಾಲಿಗೆ ಸ್ವಲ್ಪ ಪಳಗುತ್ತದೆ ಅಂತ ನನ್ನ ಲೆಕ್ಕ. ಕರೆಂಟಿನ ತಂತಿ ಇನ್ನೂ ತಲುಪದ ಒಂದಷ್ಟು ಊರುಗಳಲ್ಲಿ ಸೋಲಾರ್ ಹಾಕುವ ಕೆಲಸ, ಆರು ವಾರ, ಸಂಬಳ ಇಲ್ಲ, ಹೋಗುವವರು ತಮ್ಮ ಖರ್ಚನ್ನೂ ಸಾಮಾನಿನ ಒಂದು ಪಾಲನ್ನೂ ತಾವೇ ಹೊಂದಿಸಿಕೊಂಡು ಬರಬೇಕು, ಅಂತೆಲ್ಲ ಒಂದೇ ಉಸಿರಿಗೆ ಹೇಳಿದೆ. ಚಿಕ್ಕಪ್ಪ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು.

"ಅಲ್ಲ ಕಣೋ, ಅಲ್ಲಿ ಸ್ಕ್ರೂ ತಿರುಗಿಸೋಕೆ ಯಾರೂ ಇಲ್ವಾ?"

"ಇದ್ದಾರೆ ಚಿಕ್ಕಪ್ಪ, ಆದರೆ…"

"ನಿನ್ನ ಟಿಕೆಟ್ ದುಡ್ಡಲ್ಲಿ ಎಷ್ಟು ಬ್ಯಾಟರಿ ಬರ್ತವೆ? ಲೆಕ್ಕ ಹಾಕಿದೀಯಾ?"

ಹಾಕಿರಲಿಲ್ಲ. ಅವತ್ತು ರಾತ್ರಿ ಹಾಕಿದೆ. ನಾನು ಒಟ್ಟುಗೂಡಿಸಬೇಕಿದ್ದ ಮೊತ್ತದಲ್ಲಿ ಅರ್ಧಕ್ಕಿಂತ ಜಾಸ್ತಿ ನನ್ನ ಪ್ರಯಾಣ, ವಿಮೆ, ಲಸಿಕೆ, ಊಟ, ವಸತಿಗೆ ಹೋಗುತ್ತಿತ್ತು. ಉಳಿದದ್ದು ಸೋಲಾರ್‌ಗೆ. ಅಂದರೆ "ಬೆಳಕು ಕೊಡಿ" ಅಂತ ನಾನು ಕೇಳುತ್ತಿದ್ದ ದುಡ್ಡಿನಲ್ಲಿ ದೊಡ್ಡ ಪಾಲು ನನ್ನನ್ನು ಅಲ್ಲಿಗೆ ಸಾಗಿಸೋಕೆ, ಸಾಕೋಕೆ, ವಾಪಸ್ ತರೋಕೆ. ಕಾಗದದ ಮೇಲೆ ನೋಡಿದಾಗ ಮುಖಕ್ಕೆ ಹೊಡೆದ ಹಾಗಾಯಿತು. ಎರಡು ದಿನ ಸುಮ್ನೆ ಕೂತಿದ್ದೆ, ಹೋಗೋದೇ ಬೇಡವೇನೋ ಅಂತ.

ಕೊನೆಗೆ ಮಾಡಿದ್ದು ಇಷ್ಟೇ. ಆ ಲೆಕ್ಕವನ್ನೇ ಮನವಿಯ ಮೇಲ್ಗಡೆ ಹಾಕಿದೆ. ಇಷ್ಟು ಪಾಲು ನನಗೆ, ಇಷ್ಟು ಪಾಲು ಪ್ಯಾನೆಲ್ಲಿಗೆ, ಇಷ್ಟು ಬ್ಯಾಟರಿಗೆ, ಇಷ್ಟು ವೈರು ನಟ್ಟು ಬೋಲ್ಟಿಗೆ. ನನ್ನ ಪಾಲಿನಲ್ಲಿ ಅರ್ಧ ನನ್ನ ಉಳಿತಾಯದಿಂದ, ಉಳಿದದ್ದಕ್ಕೆ ಕೇಳುತ್ತಿದ್ದೇನೆ, ಕೊಡೋಕೆ ಮನಸ್ಸಿಲ್ಲದಿದ್ದರೆ ಬರೀ ಸಾಮಾನಿಗೆ ಕೊಡಿ ಅಂತ ಬರೆದೆ. ಗೆಳೆಯನೊಬ್ಬ ಹೀಗೆಲ್ಲ ಬರೆದರೆ ಒಂದು ಪೈಸೆನೂ ಬರಲ್ಲ ಅಂದ. ಅವನ ಮಾತು ಅರ್ಧ ನಿಜವಾಯಿತು.

ದುಡ್ಡು ಕೇಳೋದು ಒಂದು ವಿಚಿತ್ರ ಕೆಲಸ. ಮೊದಲ ಮೂರು ದಿನ ಹತ್ತಿರದವರೆಲ್ಲ ಕೊಟ್ಟುಬಿಡುತ್ತಾರೆ, ನೀವು ಗೆದ್ದೇಬಿಟ್ಟೆ ಅಂದುಕೊಳ್ಳುತ್ತೀರಿ. ಆಮೇಲೆ ಎರಡು ವಾರ ಏನೂ ಇಲ್ಲ. ಗ್ರೂಪಿನಲ್ಲಿ ಹಾಕಿದ ಸಂದೇಶಕ್ಕೆ ಎಂಬತ್ತು ಜನ ಕೈಮುಗಿದ ಚಿತ್ರ ಕಳಿಸುತ್ತಾರೆ, ದುಡ್ಡು ಇಬ್ಬರದ್ದು. ಒಬ್ಬೊಬ್ಬರಿಗೂ ಅವರ ಹೆಸರು ಹಿಡಿದು, ಅವರಿಗಂತಲೇ ನಾಲ್ಕು ಸಾಲು ಬರೆದು ಕೇಳಿದಾಗ ಮಾತ್ರ ಕೆಲಸ ಆಗೋದು. ಇದು ನಾಚಿಕೆಯ ವಿಷಯ ಅನ್ನಿಸುತ್ತಿತ್ತು. ಈಗ ಹಾಗನ್ನಿಸೋದಿಲ್ಲ. ಗುಂಪಿಗೆ ಕೇಳಿದರೆ ಬೇರೆ ಯಾರೋ ಕೊಡ್ತಾರೆ ಬಿಡು ಅಂತ ಎಲ್ಲರಿಗೂ ಅನ್ನಿಸುತ್ತದೆ, ನನಗೂ ಅನ್ನಿಸಿದೆ ಎಷ್ಟೋ ಸಲ.

ಇನ್ನೊಂದು ಪಾಠ ಅಂಕಿಸಂಖ್ಯೆಯದ್ದು. ನಾನು ಮೊದಲು ಬರೆದ ಮನವಿ ಶುರುವಾಗುತ್ತಿದ್ದುದೇ 2022ರಲ್ಲಿ ಜಗತ್ತಿನ 68 ಕೋಟಿಗೂ ಹೆಚ್ಚು ಜನರ ಮನೆಯಲ್ಲಿ ಕರೆಂಟಿರಲಿಲ್ಲ ಅನ್ನುವ ಸಾಲಿನಿಂದ. ವಿಶ್ವಸಂಸ್ಥೆ, ವಿಶ್ವಬ್ಯಾಂಕ್ ಎಲ್ಲ ಸೇರಿ ಕೊಟ್ಟ ಲೆಕ್ಕ ಅದು, ಸುಳ್ಳಲ್ಲ. ಆದರೆ 68 ಕೋಟಿ ಅಂದ ಕೂಡಲೇ ಓದುವವನಿಗೆ ತನ್ನ ನೂರು ಇನ್ನೂರು ಎಲ್ಲಿಗೂ ಸಾಲದು ಅನ್ನಿಸಿಬಿಡುತ್ತದೆ. ಪಾಲ್ ಸ್ಲೋವಿಕ್ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಅವರ ಸಂಗಡಿಗರು 2007ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಹಸಿವಿನ ದೊಡ್ಡ ದೊಡ್ಡ ಅಂಕಿಗಳನ್ನು ಓದಿದವರಿಗಿಂತ ಒಬ್ಬಳೇ ಒಬ್ಬ ಹುಡುಗಿಯ ಬಗ್ಗೆ ಓದಿದವರು ಸುಮಾರು ದುಪ್ಪಟ್ಟು ಕೊಟ್ಟರಂತೆ. ತಮಾಷೆ ಅಂದರೆ ಹುಡುಗಿಯ ಕಥೆಯ ಜೊತೆ ಅಂಕಿಗಳನ್ನೂ ಸೇರಿಸಿ ಕೊಟ್ಟಾಗ ದೇಣಿಗೆ ಮತ್ತೆ ಇಳಿಯಿತು. ಇದನ್ನು ಓದಿದ ಮೇಲೆ ಆ 68 ಕೋಟಿಯನ್ನು ಅಳಿಸಿಹಾಕಿದೆ. ಅದರ ಜಾಗಕ್ಕೆ ಯಾರದ್ದಾದರೂ ಅಳುಮುಖದ ಫೋಟೋ ಹಾಕೋಕೆ ಮನಸ್ಸಾಗಲಿಲ್ಲ. ಅಷ್ಟರಲ್ಲೇ ಕೆಲಸ ಮಾಡಿಸುವ ಸಂಸ್ಥೆಯವರಿಂದ ಅಂಥ ಫೋಟೋಗಳ ಒಂದು ಕಟ್ಟೇ ಬಂತು, ಬೇಕಾದ್ದು ಬಳಸಿಕೊಳ್ಳಿ ಅಂತ. ಬಳಸಲಿಲ್ಲ. ಒಂದು ಮನೆಗೆ ಏನು ಬೇಕು ಅನ್ನೋದರ ಲೆಕ್ಕವನ್ನೇ ಕಥೆ ಮಾಡಿಕೊಂಡೆ.

ಆ ಲೆಕ್ಕ ನಿಜಕ್ಕೂ ಸುಲಭ. ಐದು ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬು, ರಾತ್ರಿ ಐದು ಗಂಟೆ ಹೊತ್ತು ಉರಿದರೆ ಖರ್ಚಾಗುವ ವಿದ್ಯುತ್ 100 ವ್ಯಾಟ್-ಅವರ್, ಅಂದರೆ ವ್ಯಾಟನ್ನು ಗಂಟೆಯಿಂದ ಗುಣಿಸಿದ್ದು. ದಿನಕ್ಕೆ ನಾಲ್ಕೂವರೆ ಗಂಟೆ ಒಳ್ಳೆ ಬಿಸಿಲು ಅಂತ ಹಿಡಿದರೆ 40 ವ್ಯಾಟಿನ ಪ್ಯಾನೆಲ್ 180 ವ್ಯಾಟ್-ಅವರ್ ಕೊಡಬೇಕು. ಬಿಸಿ, ಧೂಳು, ವೈರು, ಬ್ಯಾಟರಿ ಎಲ್ಲ ತಿಂದು ಮೂರನೇ ಎರಡು ಭಾಗ ಉಳಿದರೂ 120. ಬಲ್ಬಿಗೂ ಆಯಿತು, ಒಂದು ಮೊಬೈಲಿಗೂ ಆಯಿತು. ಬ್ಯಾಟರಿ 12 ವೋಲ್ಟ್, 40 ಆಂಪಿಯರ್-ಅವರ್ ತಗೊಂಡರೆ ಒಳಗೆ 480 ವ್ಯಾಟ್-ಅವರ್ ಇರುತ್ತದೆ, ಆದರೆ ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಖಾಲಿ ಮಾಡಬಾರದು, ಮಾಡಿದರೆ ಬೇಗ ಸಾಯುತ್ತದೆ. ಹಾಗಾಗಿ ಕೈಗೆ ಸಿಗೋದು 240. ಮೋಡ ಕವಿದ ಎರಡು ದಿನ ತಳ್ಳಬಹುದು. ಇದನ್ನು ಹೀಗೇ ಬರೆದು ಹಾಕಿದೆ. ಜನ ಕೊಡೋಕೆ ಶುರು ಮಾಡಿದರು. "ಒಂದು ಬಲ್ಬು ನನ್ನ ಕಡೆಯಿಂದ", "ಆ ಮೊಬೈಲ್ ಚಾರ್ಜ್ ಮಾಡೋ ಪಾಯಿಂಟ್ ನಂದು" ಅಂತೆಲ್ಲ ಬರೆದು ಕಳಿಸಿದರು.

ಕೊಟ್ಟವರ ಹೆಸರನ್ನೆಲ್ಲ, ಚಿಕ್ಕ ಮೊತ್ತ ದೊಡ್ಡ ಮೊತ್ತ ಅಂತ ನೋಡದೆ, ಒಂದೇ ಅಳತೆಯ ಅಕ್ಷರದಲ್ಲಿ ಪಟ್ಟಿ ಮಾಡಿ ಹಾಕುತ್ತಾ ಹೋದೆ. ಇದು ನನ್ನ ತಲೆಯಿಂದ ಬಂದದ್ದಲ್ಲ. 1885ರಲ್ಲಿ ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆಯ ಪೀಠ ಕಟ್ಟೋಕೆ ದುಡ್ಡು ಸಾಲದೆ ನಿಂತಾಗ ಜೋಸೆಫ್ ಪುಲಿಟ್ಜರ್ ತನ್ನ ಪತ್ರಿಕೆಯಲ್ಲಿ, ಎಷ್ಟೇ ಕೊಡಿ, ನಿಮ್ಮ ಹೆಸರು ಅಚ್ಚು ಹಾಕುತ್ತೇನೆ ಅಂದ. ಕೆಲವೇ ತಿಂಗಳಲ್ಲಿ ಒಂದು ಲಕ್ಷ ಡಾಲರ್ ದಾಟಿತು. ಕೊಟ್ಟವರು ಒಂದು ಲಕ್ಷಕ್ಕೂ ಹೆಚ್ಚು ಜನ, ಬಹುಪಾಲು ಒಂದು ಡಾಲರಿಗಿಂತ ಕಡಿಮೆ ಕೊಟ್ಟವರು. ನನ್ನ ಪಟ್ಟಿಯಲ್ಲಿ ನೂರಾ ಹನ್ನೊಂದು ಹೆಸರು. ಚಿಕ್ಕಪ್ಪನ ಹೆಸರು ಇರಲಿಲ್ಲ.

ಇಲ್ಲೊಂದು ವಿಷಯ ಗಮನಕ್ಕೆ ಬಂದರೂ ಆಗ ತಲೆಗೆ ಹಚ್ಚಿಕೊಳ್ಳಲಿಲ್ಲ. ಪ್ಯಾನೆಲ್ಲಿನ ಪಾಲು ಒಂದೇ ವಾರದಲ್ಲಿ ತುಂಬಿತು. ಬಲ್ಬಿನದ್ದು ಅದಕ್ಕೂ ಬೇಗ. ಪಟ್ಟಿಯ ಕೊನೆಯಲ್ಲಿದ್ದ "ನಾಲ್ಕನೇ ವರ್ಷ ಬ್ಯಾಟರಿ ಬದಲಿಸಲು ನಿಧಿ" ಅನ್ನುವ ಸಾಲಿಗೆ ಹೊರಡುವ ದಿನದವರೆಗೂ ಮೂರೇ ಜನ ಕೊಟ್ಟಿದ್ದರು.

ಊರಿನ ಬಗ್ಗೆ ಜಾಸ್ತಿ ಬರೆಯೋದಿಲ್ಲ. ಎಲ್ಲಿ, ಯಾರು ಅಂತ ಹೇಳೋಕೆ ಅವರನ್ನು ಕೇಳಿಕೊಂಡು ಬಂದಿಲ್ಲ. ಗುಡ್ಡ, ಕೊನೆಯ ರಸ್ತೆಯಿಂದ ಅರ್ಧ ದಿನ ನಡಿಗೆ, ಚದುರಿ ನಿಂತ ಮೂವತ್ತು ಚಿಲ್ಲರೆ ಮನೆ, ಇಷ್ಟು ಸಾಕು. ಅವರ ಭಾಷೆ ನನಗೆ ಬರುತ್ತಿರಲಿಲ್ಲ. ಪ್ಯಾನೆಲ್ಲುಗಳನ್ನು ಹೊತ್ತು ತಂದವರು ಊರಿನವರೇ, ನಾನು ಹೊತ್ತದ್ದು ನನ್ನ ಬ್ಯಾಗು ಮಾತ್ರ, ಅದೂ ಕೊನೆಯ ಏರಿನಲ್ಲಿ ಒಬ್ಬ ಹುಡುಗ ಕಿತ್ತುಕೊಂಡು ಹೋದ.

ನನ್ನನ್ನು ಕೆಲಸಕ್ಕೆ ಹಚ್ಚಿದ್ದು ಅಲ್ಲಿಯದೇ ಒಬ್ಬ ಹೆಂಗಸಿನ ಕೈಕೆಳಗೆ. ನನಗಿಂತ ಚಿಕ್ಕವರು, ಟೆಕ್ನಿಷಿಯನ್, ಸುತ್ತಲಿನ ಐದಾರು ಊರಿಗೆ ಅವರೊಬ್ಬರೇ. ನಾನು ಹೊರಡೋ ಮುಂಚೆ ಎರಡು ವಾರ ತರಬೇತಿ ಪಡೆದಿದ್ದೆ. ಅವರು ಏಳು ವರ್ಷದಿಂದ ಇದೇ ಮಾಡುತ್ತಿದ್ದರು. ಚಿಕ್ಕಪ್ಪನ ಪ್ರಶ್ನೆಗೆ ಮೊದಲ ದಿನವೇ ಉತ್ತರ ಸಿಕ್ಕಿತು, ಸ್ಕ್ರೂ ತಿರುಗಿಸೋಕೆ ಯಾರೂ ಇಲ್ಲ ಅನ್ನೋದು ಸುಳ್ಳು. ಇರೋರಿಗೆ ಒಳ್ಳೆ ಸ್ಕ್ರೂಡ್ರೈವರ್ ಇರಲಿಲ್ಲ.

ನನ್ನ ತಪ್ಪಿನ ಕಥೆ ಹೇಳಿಬಿಡುತ್ತೇನೆ. ಎರಡನೇ ವಾರ, ಒಬ್ಬ ಅಜ್ಜಿಯ ಮನೆ. ಟೆಕ್ನಿಷಿಯನ್ ಪಕ್ಕದ ಊರಿಗೆ ಹೋಗಿದ್ದರು. ನಾನೂ ನನ್ನಂತೆಯೇ ಬಂದ ಇನ್ನೊಬ್ಬನೂ ಬೆಳಿಗ್ಗೆ ಒಂಬತ್ತಕ್ಕೆ ತಗಡಿನ ಮಾಡು ಹತ್ತಿದೆವು. ದಿಕ್ಸೂಚಿ ನೋಡಿ, ಕೋನ ನೋಡಿ, ಎಲ್ಲ ಪುಸ್ತಕದಲ್ಲಿ ಇದ್ದ ಹಾಗೆ ಮಾಡಿದೆವು. ಕೆಳಗೆ ನಿಂತ ಅಜ್ಜಿ ಏನೋ ಹೇಳುತ್ತಿದ್ದರು, ಮರದ ಕಡೆ ಕೈ ತೋರಿಸುತ್ತಿದ್ದರು. ಹುಷಾರು, ಬಿದ್ದೀರಿ ಅಂತಿರಬೇಕು ಅಂದುಕೊಂಡು ನಾವು ನಗುತ್ತಾ ಕೈಬೀಸಿದೆವು. ಅವರೂ ಕೊನೆಗೆ ಸುಮ್ಮನಾದರು. ನಾಲ್ಕು ತೂತು ಕೊರೆದು ಫ್ರೇಮ್ ಬಿಗಿದೆವು. ಬಿಸಿಲಲ್ಲಿ ಹೊಳೆಯುವ ಪ್ಯಾನೆಲ್ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಮನೆಗೆ ಕಳಿಸಿದೆ. ನೆಟ್‌ವರ್ಕ್ ಸಿಗುವ ಬಂಡೆ ಹತ್ತಿ ಕಳಿಸಿದೆ, ಅಷ್ಟು ಖುಷಿ.

ಮಧ್ಯಾಹ್ನ ಎರಡೂವರೆಗೆ ಮರದ ನೆರಳು ಪ್ಯಾನೆಲ್ಲಿನ ಮೂಲೆಗೆ ಬಂತು. ಮೂರೂವರೆಗೆ ಅರ್ಧ ಮುಚ್ಚಿತು. ಸೋಲಾರ್ ಪ್ಯಾನೆಲ್ಲಿಗೆ ನೆರಳು ಅಂದರೆ ನಾವು ತಿಳಿದುಕೊಂಡ ಹಾಗೆ ಅಲ್ಲ. 12 ವೋಲ್ಟಿನ ಪ್ಯಾನೆಲ್ಲಿನಲ್ಲಿ ಸಾಮಾನ್ಯವಾಗಿ 36 ಸೆಲ್‌ಗಳು ಸರಪಳಿ ಥರ ಒಂದರ ಬಾಲಕ್ಕೆ ಒಂದು ಜೋಡಿಸಿರುತ್ತವೆ. ಒಂದು ಸೆಲ್ ನೆರಳಿಗೆ ಬಿದ್ದರೆ ಅದರ ಸಾಲಿನಲ್ಲಿರುವ ಉಳಿದವೂ ಅದರ ಮಟ್ಟಕ್ಕೆ ಇಳಿಯುತ್ತವೆ. ನೀರಿನ ಪೈಪನ್ನು ಒಂದು ಕಡೆ ಮೆಟ್ಟಿದ ಹಾಗೆ. ನೆರಳಿನ ಸೆಲ್‌ಗಳನ್ನು ಬಿಟ್ಟು ಕರೆಂಟನ್ನು ಪಕ್ಕದ ದಾರಿಯಲ್ಲಿ ದಾಟಿಸುವ ಬೈಪಾಸ್ ಡಯೋಡ್ ಇದ್ದರೂ ಅಂಗೈಯಗಲ ನೆರಳಿಗೆ ಅರ್ಧ ಉತ್ಪಾದನೆ ಹೋಗಬಹುದು. ಸಂಜೆ ಟೆಕ್ನಿಷಿಯನ್ ಬಂದು ಮಾಡು ನೋಡಿದರು, ಅಜ್ಜಿಯ ಜೊತೆ ಎರಡು ನಿಮಿಷ ಮಾತಾಡಿದರು, ಆಮೇಲೆ ನನ್ನ ಕಡೆ ತಿರುಗಿ ಒಡೆದ ಇಂಗ್ಲಿಷಿನಲ್ಲಿ ಹೇಳಿದ್ದರ ತಾತ್ಪರ್ಯ: ಮೂವತ್ತು ವರ್ಷದಿಂದ ಬಟ್ಟೆ ಒಣಹಾಕೋರು ಇವರು, ಯಾವ ಹೊತ್ತಿಗೆ ಎಲ್ಲಿ ಬಿಸಿಲು ಅಂತ ಇವರಿಗೆ ಗೊತ್ತಿಲ್ವಾ?

ಮಾರನೆಯ ದಿನ ಪ್ಯಾನೆಲ್ ಕಿತ್ತು ಮಾಡಿನ ಇನ್ನೊಂದು ತುದಿಗೆ ಹಾಕಿದೆವು, ಅಜ್ಜಿ ತೋರಿಸಿದ ಜಾಗಕ್ಕೆ. ಹಳೆಯ ನಾಲ್ಕು ತೂತಿಗೆ ಸೀಲೆಂಟ್ ಒತ್ತಿದೆವು. ಎರಡಕ್ಕೆ ಚೆನ್ನಾಗಿ ಕೂತಿತು. ಇನ್ನೆರಡರ ಹತ್ತಿರ ತಗಡು ಸ್ವಲ್ಪ ಹರಿದಿತ್ತು, ತೇಪೆ ಹಾಕಿದೆವು. ನನಗೆ ದುಡ್ಡು ಕೊಟ್ಟ ನೂರಾ ಹನ್ನೊಂದು ಜನಕ್ಕೆ ಮೊದಲ ದಿನದ ಫೋಟೋ ಹೋಗಿತ್ತು. ತೇಪೆಯ ಫೋಟೋ ಕಳಿಸಲಿಲ್ಲ.

ಆಮೇಲಿನ ನಾಲ್ಕು ವಾರ ನಾನು ಹೊಸದು ಹಾಕಿದ್ದಕ್ಕಿಂತ ಹಳೆಯದನ್ನು ನೋಡಿದ್ದೇ ಜಾಸ್ತಿ. ಐದು ವರ್ಷದ ಹಿಂದೆ ಇನ್ಯಾವುದೋ ತಂಡ ಬಂದು ಪಕ್ಕದ ಊರಿನಲ್ಲಿ ಹಾಕಿಹೋದ ಸೋಲಾರ್‌ಗಳು. ಪ್ಯಾನೆಲ್ಲುಗಳು ಮಾಡಿನ ಮೇಲೆ ಥಳಥಳ ಅಂತಿದ್ದವು. ಪ್ಯಾನೆಲ್ಲಿಗೆ ಏನೂ ಆಗೋದಿಲ್ಲ, 25 ವರ್ಷದ ವಾರಂಟಿ ಕೊಡುವ ವಸ್ತು ಅದು, ಮನುಷ್ಯ ಮಾಡಿದ ವಸ್ತುಗಳಲ್ಲಿ ಇಷ್ಟು ತಾಳ್ಮೆಯದ್ದು ಕಡಿಮೆ. ಮನೆಯೊಳಗೆ ಮಾತ್ರ ಕತ್ತಲು. ಬ್ಯಾಟರಿಗಳು ಸತ್ತಿದ್ದವು.

ಟೆಕ್ನಿಷಿಯನ್ ಒಂದು ಬ್ಯಾಟರಿಯನ್ನು ಮೂಲೆಯಿಂದ ಬೆಳಕಿಗೆ ಎಳೆದು ಕೂರಿಸಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಪ್ಲಸ್ ಟರ್ಮಿನಲ್ ಮೇಲೆ ಬೆಳ್ಳಗೆ, ನಡುನಡುವೆ ಹಸಿರು ನೀಲಿಯಾಗಿ, ಹೂಕೋಸಿನ ಥರ ಬೆಳೆದುಕೊಂಡಿತ್ತು. ಅಡುಗೆ ಸೋಡಾ ಕಲಸಿದ ನೀರನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಚ್ಚಿದರು. ಬುರುಬುರು ಅಂತ ನೊರೆ ಬಂದು ಕೆಳಗಿನಿಂದ ಸೀಸದ ಬೂದು ಬಣ್ಣ ಕಂಡಿತು. ಒರೆಸಿ, ವ್ಯಾಸಲೀನ್ ಸವರಿದರು. ಆಮೇಲೆ ಬ್ಯಾಟರಿಯ ಆರು ಸೆಲ್‌ಗಳ ಮುಚ್ಚಳ ಬಿಚ್ಚಿ, ಆಸಿಡ್ ಎಷ್ಟು ಸಾಂದ್ರವಾಗಿದೆ ಅಂತ ಅಳೆಯುವ ಹೈಡ್ರೋಮೀಟರಿನ ಕೊಳವೆಯನ್ನು ಒಂದೊಂದಕ್ಕೂ ಇಳಿಸಿ ಆಸಿಡ್ ಎಳೆದು ನೋಡಿದರು. ಚೆನ್ನಾಗಿ ಚಾರ್ಜ್ ಆದ ಬ್ಯಾಟರಿಯಲ್ಲಿ ಅದು 1.265ರ ಹತ್ತಿರ ತೋರಿಸಬೇಕು. ಐದು ಸೆಲ್ ಸುಮಾರಾಗಿದ್ದವು. ನಾಲ್ಕನೆಯದರಲ್ಲಿ ತೇಲುವ ಕಡ್ಡಿ ಮೇಲೇಳಲೇ ಇಲ್ಲ, ತಳಕ್ಕೆ ಕೂತುಬಿಟ್ಟಿತು. ಅವರು ನನಗೆ ಕೊಳವೆ ಕೊಟ್ಟು ನೀವೇ ನೋಡಿ ಅಂದರು. ನೋಡಿದೆ. ಒಂದು ಸೆಲ್ ಸತ್ತರೆ ಬ್ಯಾಟರಿಯೇ ಸತ್ತ ಹಾಗೆ.

ಯಾಕೆ ಸತ್ತಿತು ಅಂತ ಮನೆಯವರನ್ನು ಕೇಳಿದರೆ ಅವರೇನೂ ಮುಚ್ಚಿಡಲಿಲ್ಲ. ನೀರು ಹಾಕಿ ಅಂತ ಹೇಳಿಹೋಗಿದ್ದರು, ಹಾಕಿದೆವು. ಡಿಸ್ಟಿಲ್ಡ್ ವಾಟರ್ ಹಾಕಬೇಕಿತ್ತು. ಅದು ಸಿಗೋದು ಅರ್ಧ ದಿನ ನಡೆದು ರಸ್ತೆಗೆ ಇಳಿದ ಮೇಲೆ. ಹಳ್ಳದ ನೀರು ಕಣ್ಣಿಗೆ ಅಷ್ಟೇ ತಿಳಿಯಾಗಿದೆ, ಆದರೆ ಅದರಲ್ಲಿರುವ ಖನಿಜಗಳು ಒಳಗಿನ ಪ್ಲೇಟನ್ನು ನಿಧಾನಕ್ಕೆ ಹಾಳು ಮಾಡುತ್ತವೆ. ಇನ್ನೊಂದು ಮನೆಯಲ್ಲಿ, ಬ್ಯಾಟರಿ ತುಂಬೋದನ್ನೂ ಖಾಲಿಯಾಗೋದನ್ನೂ ಹತೋಟಿಯಲ್ಲಿಡುವ ಚಾರ್ಜ್ ಕಂಟ್ರೋಲರನ್ನೇ ತಪ್ಪಿಸಿ ಬ್ಯಾಟರಿಯಿಂದ ನೇರವಾಗಿ ವೈರ್ ಎಳೆದಿದ್ದರು, ರಾತ್ರಿ ಮಧ್ಯೆ ಕಂಟ್ರೋಲರ್ ಕಟ್ ಮಾಡುತ್ತದೆ ಅಂತ. ಬ್ಯಾಟರಿಯನ್ನು ಕಾಪಾಡೋಕೇ ಅದು ಕಟ್ ಮಾಡೋದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಿದ್ದವರು ಆರು ವಾರಕ್ಕೆ ಬಂದು ಹೋಗಿದ್ದರು. ನನ್ನ ಹಾಗೆ.

ಇದೇನೂ ಆ ಒಂದು ಊರಿನ ಕಥೆ ಅಲ್ಲ. ಬಿಹಾರದ ಧರ್ಣಾಯ್ ಅನ್ನುವ ಹಳ್ಳಿಯಲ್ಲಿ 2014ರಲ್ಲಿ 100 ಕಿಲೋವ್ಯಾಟಿನ ಸೋಲಾರ್ ಮೈಕ್ರೋಗ್ರಿಡ್, ಅಂದರೆ ಊರಿಗಷ್ಟೇ ಕರೆಂಟ್ ಕೊಡುವ ಪುಟ್ಟ ಜಾಲ, ಶುರುವಾದಾಗ ಪತ್ರಿಕೆಗಳಲ್ಲೆಲ್ಲ ಸುದ್ದಿ. ಕೆಲವು ವರ್ಷ ಕಳೆದ ಮೇಲೆ ಬ್ಯಾಟರಿಗಳು ಕೈಕೊಟ್ಟವು, ದುರಸ್ತಿ ಆಗಲಿಲ್ಲ, ಅಷ್ಟರಲ್ಲಿ ಅಗ್ಗದ ಗ್ರಿಡ್ ಕರೆಂಟೂ ಬಂದಿತ್ತು, ಸೋಲಾರ್ ಕೇಂದ್ರದ ಜಾಗದಲ್ಲಿ ದನ ಕಟ್ಟೋಕೆ ಶುರು ಮಾಡಿದರು. ದನ ಕಟ್ಟಿದ್ದನ್ನು ನೋಡಿ ನಗೋದು ಸುಲಭ. ಖಾಲಿ ಬಿದ್ದ ಜಾಗಕ್ಕೆ ಅವರೊಂದು ಉಪಯೋಗ ಕಂಡುಕೊಂಡರು, ಅಷ್ಟೇ.

ಹಾಗಂತ ದಾರಿ ಗೊತ್ತಿಲ್ಲ ಅಂತೇನಿಲ್ಲ. ರಾಜಸ್ಥಾನದ ತಿಲೋನಿಯಾದಲ್ಲಿ ಬಂಕರ್ ರಾಯ್ 1972ರಲ್ಲಿ ಶುರು ಮಾಡಿದ ಬೇರ್‌ಫುಟ್ ಕಾಲೇಜಿನಲ್ಲಿ ಓದು ಬರಹ ಬಾರದ ಹೆಂಗಸರಿಗೆ, ಎಷ್ಟೋ ಜನ ಅಜ್ಜಿಯಂದಿರೇ, ಆರು ತಿಂಗಳಲ್ಲಿ ಸೋಲಾರ್ ಕಲಿಸಿ ಊರಿಗೆ ಕಳಿಸುತ್ತಾರೆ. ಬಣ್ಣ ಮತ್ತು ಕೈಸನ್ನೆಯಲ್ಲಿ ಪಾಠ. ಗಂಡಸರಿಗೆ ಕಲಿಸಿದರೆ ಸರ್ಟಿಫಿಕೇಟ್ ಹಿಡಿದು ಪಟ್ಟಣಕ್ಕೆ ಓಡುತ್ತಾರೆ, ಅಜ್ಜಿಯಂದಿರು ಊರಲ್ಲೇ ಇರುತ್ತಾರೆ ಅನ್ನೋದು ಅವರ ವಾದ. ನಮ್ಮ ಹರೀಶ್ ಹಂದೆ 1995ರಲ್ಲಿ ಸೆಲ್ಕೋ ಅನ್ನುವ ಸೋಲಾರ್ ಕಂಪನಿ ಕಟ್ಟಿದಾಗ ಹಿಡಿದ ದಾರಿ ಇನ್ನೊಂದು. ಬಡವರಿಗೆ ಸೋಲಾರ್ ದಾನ ಬೇಡ, ಅವರ ಸಂಪಾದನೆ ಬರುವ ರೀತಿಗೆ ಹೊಂದುವ ಸಾಲದ ಕಂತು ಬೇಕು, ಹತ್ತಿರದಲ್ಲೇ ರಿಪೇರಿಗೆ ಜನ ಬೇಕು ಅಂತ. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇವೆಲ್ಲ ನಾನು ಹೋಗುವ ಮುಂಚೆಯೇ ಓದಿದ್ದೆ. ಓದಿದ್ದು ತಲೆಯಲ್ಲಿತ್ತು, ಸತ್ತ ಸೆಲ್ ಕಣ್ಣಾರೆ ನೋಡಿದ ಮೇಲೆ ಅರ್ಥವಾಯಿತು.

ಹಾಗಾದರೆ ನಾನು ಹೋಗಿದ್ದು ದಂಡವಾ? ಪೂರ್ತಿ ದಂಡ ಅನ್ನೋಕೆ ನನಗೆ ಮನಸ್ಸಿಲ್ಲ, ಸ್ವಾರ್ಥ ಅಂತಲೇ ಇಟ್ಟುಕೊಳ್ಳಿ. ಕೊನೆಯ ವಾರ ನಾನು ಮಾಡಿದ ಒಂದು ಕೆಲಸ ಉಪಯೋಗಕ್ಕೆ ಬಂತು, ಅದಕ್ಕೆ ಮಾಡು ಹತ್ತಬೇಕಿರಲಿಲ್ಲ. ಟೆಕ್ನಿಷಿಯನ್ ಹತ್ತಿರ ಪ್ರತಿ ಮನೆಯ ವಿವರ ಬಿಡಿ ಹಾಳೆಗಳಲ್ಲಿತ್ತು. ಇಬ್ಬರೂ ಕೂತು ಒಂದು ರಿಜಿಸ್ಟರ್ ಮಾಡಿದೆವು. ಬ್ಯಾಟರಿ ಹಾಕಿದ ತಾರೀಕು, ನೀರು ಹಾಕಿದ ತಾರೀಕು, ವೋಲ್ಟೇಜು, ಪಕ್ಕದಲ್ಲಿ ಆ ಮನೆಯವರು ಬ್ಯಾಟರಿ ನಿಧಿಗೆ ತಿಂಗಳು ತಿಂಗಳು ಕಟ್ಟುವ ದುಡ್ಡಿಗೆ ಒಂದು ಖಾನೆ. ಎಷ್ಟು ಕಟ್ಟೋದು ಅಂತ ಊರಿನವರೇ ಕೂತು ತೀರ್ಮಾನಿಸಿದರು, ಆ ಸಭೆಯಲ್ಲಿ ನನ್ನನ್ನು ಕೂರಿಸಿಕೊಳ್ಳಲಿಲ್ಲ. ಸರಿಯಾಗೇ ಮಾಡಿದರು. ಬ್ಯಾಟರಿಗಳ ಮೈಮೇಲೆ ಬಿಳಿ ಪೇಂಟಿನಲ್ಲಿ ತಾರೀಕು ಬರೆಯುವ ಕೆಲಸ ನನಗೆ ಸಿಕ್ಕಿತು.

ವಾಪಸ್ ಬಂದು ಆರು ತಿಂಗಳಿಗೆ ಎರಡನೇ ಸಲ ದುಡ್ಡು ಕೇಳಿದೆ. ಈ ಸಲ ಟಿಕೆಟ್ ಇಲ್ಲ, ನಾನು ಎಲ್ಲಿಗೂ ಹೋಗುತ್ತಿಲ್ಲ. ಡಿಸ್ಟಿಲ್ಡ್ ವಾಟರ್ ಹೊತ್ತು ತರುವ ಕೂಲಿ, ಟೆಕ್ನಿಷಿಯನ್‌ಗೆ ಸಂಬಳದ ಒಂದು ಪಾಲು, ಒಳ್ಳೆ ಮಲ್ಟಿಮೀಟರ್ ಒಂದು, ಮತ್ತೆ ಬ್ಯಾಟರಿ ನಿಧಿಗೆ ಊರಿನವರು ಕಟ್ಟಿದಷ್ಟೇ ನಮ್ಮ ಕಡೆಯಿಂದ. ಹೂಕೋಸಿನ ಥರದ ಆ ಟರ್ಮಿನಲ್ಲಿನ ಫೋಟೋ ಹಾಕಿದೆ, ಬೇರೇನೂ ಹಾಕಲಿಲ್ಲ. ಮಾಡಿನ ತೇಪೆಯ ಕಥೆಯನ್ನೂ ಬರೆದೆ. ಮೊದಲ ಸಲ ಬಂದದ್ದರಲ್ಲಿ ಕಾಲು ಭಾಗವೂ ಬರಲಿಲ್ಲ. ನೂರಾ ಹನ್ನೊಂದು ಜನರಲ್ಲಿ ಹತ್ತೊಂಬತ್ತು ಜನ ಕೊಟ್ಟರು. ಕೆಲವರಿಗೆ ಬೇಜಾರಾಗಿತ್ತು, ಮತ್ತೆ ಕೇಳ್ತಿದಾನಲ್ಲ ಅಂತ. ಒಬ್ಬರು ಸಂಬಳಕ್ಕೆಲ್ಲ ನಾನು ಕೊಡಲ್ಲ ಅಂತ ನೇರವಾಗಿಯೇ ಬರೆದರು. ನನ್ನ ಟಿಕೆಟಿಗೆ ಕೊಟ್ಟಿದ್ದವರು ಅವರು.

ಚಿಕ್ಕಪ್ಪನಿಗೆ ನಾನು ಕೇಳಿರಲಿಲ್ಲ. ಅವರೇ ಫೋನ್ ಮಾಡಿದರು.

"ಆ ಬ್ಯಾಟರಿ ಎಷ್ಟು ವರ್ಷ ಬರುತ್ತೆ ಅಂದೆ?"

"ಚೆನ್ನಾಗಿ ನೋಡಿಕೊಂಡರೆ ನಾಲ್ಕೈದು ವರ್ಷ, ಚಿಕ್ಕಪ್ಪ."

"ಹಾಗಾದ್ರೆ ಒಂದೇ ಸಲ ಕೊಡಲ್ಲ. ತಿಂಗಳು ತಿಂಗಳು ಹಾಕ್ತೀನಿ. ನೆನಪು ಮಾಡ್ತಿರು."

ಮೊನ್ನೆ ಟೆಕ್ನಿಷಿಯನ್ ರಿಜಿಸ್ಟರಿನ ಫೋಟೋ ಕಳಿಸಿದ್ದರು. ದೊಡ್ಡದು ಮಾಡಿ ಒಂದೊಂದೇ ಸಾಲು ನೋಡಿದೆ. ಅಜ್ಜಿಯ ಸಾಲಿನಲ್ಲಿ ಒಂದು ತಿಂಗಳು ಖಾಲಿ, ಮುಂದಿನ ತಿಂಗಳ ಖಾನೆಯಲ್ಲಿ ಎರಡು ಟಿಕ್. ವೋಲ್ಟೇಜು 12.6, ಅಂದರೆ ಬ್ಯಾಟರಿ ಚೆನ್ನಾಗಿದೆ. ಅಲ್ಲಿ ಮಳೆ ಶುರುವಾಗಿದೆ ಅಂತಲೂ ಬರೆದಿದ್ದರು. ಅಜ್ಜಿಯ ಮಾಡು ಸೋರುತ್ತಿದೆಯಾ ಅಂತ ಕೇಳಿದೆ. ಉತ್ತರ ಬರೋಕೆ ಎರಡು ದಿನ ಹಿಡಿಯಿತು.

"ಸ್ವಲ್ಪ."